ಪಂಪಾವತಿಯ ಎಡಗಣ್ಣು

ಸಂಗಮೇಶನಿಗೆ ಕುಡಿತವಿಲ್ಲ, ಎಲೆಅಡಿಕೆ ಇಲ್ಲ, ಇಸ್ಪೀಟು ಹಿಡಿಯಲೂ ಬರುವುದಿಲ್ಲ. ಇರುವುದು ಒಂದೇ ಚಟ, ವಿವರಿಸುವುದು. ಬಳ್ಳಾರಿಯ ಕಂಟೋನ್ಮೆಂಟಿನ ಮನೆಯಿಂದ ಸಿರುಗುಪ್ಪದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಈ ಭೌತಶಾಸ್ತ್ರದ ಮೇಷ್ಟ್ರು, ಡ್ರೈವರ್ ಬ್ರೇಕು ಒತ್ತಿದಾಗ ಮುಗ್ಗರಿಸಿದ ಮುದುಕಿಯನ್ನು ಹಿಡಿದು ಕೂರಿಸುತ್ತಿದ್ದ. ಕೂರಿಸಿದ ಮೇಲೆ, ಆಕೆ ಯಾಕೆ ಮುಗ್ಗರಿಸಿದಳು ಎಂಬುದನ್ನು ಆಕೆಗೇ ಹೇಳುತ್ತಿದ್ದ. ಆಕೆ ಕೇಳಿದ್ದಳೇ? ಇಲ್ಲ. ಮನೆಯಲ್ಲಿ ಹಾಲು ಉಕ್ಕಿದರೆ ಹೆಂಡತಿ ಶಾಂಭವಿ ಒಲೆ ಒರೆಸುವುದಕ್ಕೆ ಮೊದಲು, ಹಾಲು ಉಕ್ಕುತ್ತದೆ ನೀರು ಯಾಕೆ ಉಕ್ಕುವುದಿಲ್ಲ ಎಂಬ ಪಾಠ ಕೇಳಬೇಕಾಗುತ್ತಿತ್ತು. ಕೆಟ್ಟವನಲ್ಲ. ಗೊತ್ತಿರುವುದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಬಾರದವನು. ಅಷ್ಟೇ ತಾನೆ ಎಂದು ಎಲ್ಲರೂ ನಕ್ಕು ಸುಮ್ಮನಾಗಿದ್ದರು.

ಈ ಜನವರಿಯಲ್ಲಿ ಕಾಲೇಜಿಗೆ ಗವಿಸಿದ್ದೇಶ್ ಎಂಬ ಹುಡುಗ ಅತಿಥಿ ಉಪನ್ಯಾಸಕನಾಗಿ ಬಂದ. ಬರುವಾಗ ನಾಲ್ಕು ಪ್ಲಾಸ್ಟಿಕ್ ಡಬ್ಬಿಗಳನ್ನು ತಂದ. ವಿ.ಆರ್. ಅಂತ ಅದರ ಹೆಸರು, ಹುಡುಗರು ಕರೆಯುವುದು ಡಬ್ಬಿ ಎಂದೇ. ಡಬ್ಬಿಯೊಳಗೆ ಮೊಬೈಲ್ ಸಿಕ್ಕಿಸಿ ಕಣ್ಣಿಗೆ ಕಟ್ಟಿಕೊಂಡರೆ, ಮೊಬೈಲಿನ ಪರದೆ ಎರಡು ಹೋಳಾಗಿ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ತೋರಿಸುತ್ತದೆ. ಎರಡೂ ಒಂದೇ ಚಿತ್ರವಲ್ಲ, ಕೂದಲೆಳೆಯಷ್ಟು ಬೇರೆ. ಮಿದುಳು ಅವೆರಡನ್ನೂ ಕೂಡಿಸಿದಾಗ ಇದು ಹತ್ತಿರ, ಅದು ದೂರ ಎಂಬುದು ಗೊತ್ತಾಗುತ್ತದೆ. ಅದರೊಳಗೆ ಗವಿಸಿದ್ದೇಶ್ ತಾನೇ ಒಂದು ಆಟ ಕಟ್ಟಿದ್ದ. ಆಡುವವರು ಬಳ್ಳಾರಿ ಗುಡ್ಡದ ಬಂಡೆಯ ಮೇಲೆ ನಿಂತಿರುತ್ತಾರೆ. ಕೆಳಗೆ ಬಯಲಲ್ಲಿ ಒಂದು ಮಡಕೆ, ಪ್ರತಿ ಆಟಕ್ಕೂ ಬೇರೆ ದೂರದಲ್ಲಿ. ಕೈಯಲ್ಲಿ ಐದು ಕಲ್ಲು. ಎಷ್ಟು ಕೋನದಲ್ಲಿ, ಎಷ್ಟು ವೇಗದಲ್ಲಿ ಎಸೆಯಬೇಕೆಂದು ತಾವೇ ನಿರ್ಧರಿಸಿ ಗುಂಡಿ ಒತ್ತಬೇಕು. ಬೋರ್ಡಿನ ಮೇಲೆ ಅದೇ ಲೆಕ್ಕ ಬರೆದರೆ ತೂಕಡಿಸುತ್ತಿದ್ದ ಹುಡುಗರು ಈಗ ಊಟ ಬಿಟ್ಟು ಪ್ರಯೋಗಾಲಯದ ಬಾಗಿಲಲ್ಲಿ ಸಾಲು ನಿಲ್ಲತೊಡಗಿದರು.

ಸಂಗಮೇಶ ಮೊದಲು ಮೂಗು ಮುರಿದ. ಆಮೇಲೆ ತಾನೇ ಒಂದು ಸಲ ಹಾಕಿಕೊಂಡು ನೋಡಿ, ಬಂಡೆಯ ಅಂಚಿನಿಂದ ಹಿಂದೆ ಸರಿದು, ಪಕ್ಕದ ಮೇಜು ಹಿಡಿದುಕೊಂಡು ನಕ್ಕ. ಅವತ್ತಿನಿಂದ ಡಬ್ಬಿಯ ದೊಡ್ಡ ಭಕ್ತ ಅವನೇ. "ಎಲ್ಲಾರೂ ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕ್ರಿ. ನಮ್ಮ ಕಾಲೇಜಿನ್ಯಾಗ ಏನೇನ್ ನಡೀತೈತಿ ಮಂದಿಗೆ ಗೊತ್ತಾಗ್ಲಿ" ಎಂದು ಹುಡುಗರಿಗೆ ಹೇಳಿದವನೂ ಅವನೇ.

ಡಬ್ಬಿ ಹಾಕಿಕೊಳ್ಳದೆ ಉಳಿದವಳು ಒಬ್ಬಳು, ಪಂಪಾವತಿ.

ಪಂಪಾವತಿ ಬಿ.ಎಸ್ಸಿ. ಕೊನೆಯ ವರ್ಷದವಳು. ಅಪ್ಪ ಸುಂಕಪ್ಪ ಸಿರುಗುಪ್ಪದ ಒಂದು ಅಕ್ಕಿಗಿರಣಿಯಲ್ಲಿ ಮೆಷಿನ್ ನೋಡಿಕೊಳ್ಳುತ್ತಾನೆ. ಮಾತು ಕಮ್ಮಿ, ಕೈ ಚುರುಕು. ಬೆಳಕಿನ ಪ್ರಯೋಗಗಳಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎರಡು ಗುಂಡುಸೂಜಿಗಳನ್ನು ಒಂದರ ಹಿಂದೊಂದು ನೆಟ್ಟು, ತಲೆಯನ್ನು ಅತ್ತಿತ್ತ ಆಡಿಸುತ್ತ ಅವು ಒಂದೇ ಕಡೆ ಇವೆಯೋ ಇಲ್ಲವೋ ನೋಡುವ ಪ್ರಯೋಗದಲ್ಲಿ ಉಳಿದವರು ಒಂದು ಕಣ್ಣು ಮುಚ್ಚಿ ಮುಚ್ಚಿ ಸುಸ್ತಾಗುತ್ತಿದ್ದರೆ, ಇವಳು ಕಣ್ಣು ಮುಚ್ಚದೆಯೇ ಎರಡು ನಿಮಿಷದಲ್ಲಿ ಮುಗಿಸಿ ಕೈ ಕಟ್ಟಿ ನಿಂತಿರುತ್ತಿದ್ದಳು. "ಪಂಪಾವತಿನ್ನ ನೋಡಿ ಕಲೀರಿಲೇ" ಎಂದು ಸಂಗಮೇಶ ಹುಡುಗರನ್ನು ಹಂಗಿಸುತ್ತಿದ್ದ.

ಕಳೆದ ದೀಪಾವಳಿಗೆ ಅವಳಿಗೆ ಕುರುಗೋಡಿನಲ್ಲಿ ಗಂಡು ಗೊತ್ತಾಗಿತ್ತು. ಹುಡುಗ ಶೇಖರ್, ಕರೆಂಟ್ ಲೈನ್‌ಮನ್. ಎಲೆಅಡಿಕೆ ಬದಲಾಯಿಸಿಕೊಂಡಾಗಿತ್ತು. ಗಂಡಿನ ಕಡೆಯವರು ಒಂದು ಮಾತು ಕೊಟ್ಟಿದ್ದರು: ಹುಡುಗಿ ಪರೀಕ್ಷೆ ಮುಗಿಸಿಯೇ ಮದುವೆ, ಮದುವೆಯಾದ ಮೇಲೆ ಕುರುಗೋಡಿನಿಂದ ಬಳ್ಳಾರಿಗೆ ಓಡಾಡಿಕೊಂಡು ಬಿ.ಎಡ್. ಮಾಡಬಹುದು. ಈ ಮಾತನ್ನು ಹೇಳಲು ಪಂಪಾವತಿ ಸ್ಟಾಫ್ ರೂಮಿಗೇ ಬಂದಿದ್ದಳು. "ಟೀಚರ್ ಆಗಾಕ ಒಪ್ಯಾರ್ರಿ ಸರ್" ಎಂದಾಗ ಅವಳ ಮುಖ ನೋಡಿ ಸಂಗಮೇಶ ಎಲ್ಲರಿಗೂ ಚಹಾ ತರಿಸಿದ್ದ. ಈ ಸಂಬಂಧ ಆಗದಿದ್ದರೆ ಏನೆಂಬುದೂ ಅವನಿಗೆ ಗೊತ್ತಿತ್ತು. ರೂಪನಗುಡಿಯಲ್ಲಿ ಅವಳ ಸೋದರಮಾವ ವಾಲ್ಮೀಕಿ ಇದ್ದ. ನಲವತ್ತು ವಯಸ್ಸು, ಹೆಂಡತಿ ಸತ್ತು ಎರಡು ವರ್ಷ, ಎಂಟು ವರ್ಷದ ಮಗಳಿದ್ದಾಳೆ. ಅವನಿಗೆ ಓದಿದ ಹೆಂಡತಿ ಬೇಕಿರಲಿಲ್ಲ, ಮಗಳಿಗೆ ಬುತ್ತಿ ಕಟ್ಟುವವಳು ಬೇಕಿತ್ತು. ಸುಂಕಪ್ಪನ ಮನಸ್ಸು ಮೊದಲಿಂದ ಅತ್ತಲೇ ಇತ್ತು.

ಫೆಬ್ರವರಿಯ ಆ ಶುಕ್ರವಾರ ಪ್ರಯೋಗಾಲಯದ ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿ ಕತ್ತಲು ಮಾಡಿದ್ದರು. ಡಬ್ಬಿಯೊಳಗೆ ಕಾಣುವುದೆಲ್ಲ ಪ್ರೊಜೆಕ್ಟರಿನಿಂದ ಗೋಡೆಯ ಮೇಲೂ ಬೀಳುತ್ತಿತ್ತು, ಒಂದೇ ಗುಡ್ಡ ಎಡಕ್ಕೊಂದು ಬಲಕ್ಕೊಂದು. ಮೇಘಾ ಎಂಬ ಹುಡುಗಿ ಐದರಲ್ಲಿ ನಾಲ್ಕು ಕಲ್ಲು ಮಡಕೆಗೆ ಹಾಕಿ ಚಪ್ಪಾಳೆ ಗಿಟ್ಟಿಸಿ ಇಳಿದಳು. ಪಂಪಾವತಿ ಎಂದಿನಂತೆ ಎಡಗಡೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ಮೂರು ವಾರದಿಂದ ತಲೆನೋವು, ಹೊಟ್ಟೆನೋವು ಎಂದು ತಪ್ಪಿಸಿಕೊಂಡಿದ್ದಳು.

"ಬಾರವ್ವಾ ಪಂಪಾವತಿ. ಎಲ್ಲಾರ್ಗೂ ಲ್ಯಾಬ್ ಕಲಸಾಕಿ ನೀನು. ನೀನ ಹಿಂದ ಸರದ್ರ ಹೆಂಗ?"

"ಬ್ಯಾಡ್ರಿ ಸರ್, ಮುಂದಿನ ವಾರ ಹಾಕ್ಕೊಂತೀನಿ."

"ಒಂದ್ ಸಲ ಬಾ. ನನ್ನ ಮಾತಿಗಿ."

ಮೇಷ್ಟ್ರ ಮಾತಿಗೆ ಅವಳು ಎದ್ದು ಬಂದಳು. ಮೊದಲ ಕಲ್ಲು ಮಡಕೆ ದಾಟಿ ಎಲ್ಲೋ ಹೋಗಿ ಬಿತ್ತು. ಎರಡನೆಯದು ಅರ್ಧ ದಾರಿಗೇ ಬಿತ್ತು. ಹುಡುಗರು "ಹೋ" ಎಂದರು. ಮೂರನೆಯದು ಮಡಕೆಯ ಆಚೆ ಬಿದ್ದಾಗ ಯಾರೋ ಶಿಳ್ಳೆ ಹೊಡೆದರು. ಡಬ್ಬಿ ಕಟ್ಟಿದ ಅವಳ ತಲೆ ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡುತ್ತಿದ್ದುದನ್ನು ಸಂಗಮೇಶ ನೋಡಿದ. ಅದೇ, ಗುಂಡುಸೂಜಿ ನೋಡುವಾಗ ಆಡಿಸುವಂತೆ. ಈ ಡಬ್ಬಿಯೊಳಗೆ ತಲೆ ಆಡಿಸಿ ಪ್ರಯೋಜನವಿಲ್ಲ, ಚಿತ್ರವೂ ತಲೆಯ ಜೊತೆಗೇ ಬರುತ್ತದೆ. ಹತ್ತಿರ ದೂರ ತಿಳಿಯಬೇಕಾದರೆ ಎರಡೂ ಕಣ್ಣು ಬೇಕೇ ಬೇಕು.

ಅವನ ತಲೆಯಲ್ಲಿ ಒಮ್ಮೆಲೇ ಎಲ್ಲವೂ ಕೂಡಿಕೊಂಡಿತು. ಕಣ್ಣು ಮುಚ್ಚದೆಯೇ ಮಾಡುವ ಪ್ರಯೋಗ. ಯಾವಾಗಲೂ ಎಡಗಡೆಯ ತುದಿಯಲ್ಲೇ ಕೂರುವುದು. ಎಡದಿಂದ ಯಾರಾದರೂ ಕರೆದರೆ ಇಡೀ ಕತ್ತು ತಿರುಗಿಸಿ ನೋಡುವುದು. ವರ್ಷಗಟ್ಟಲೆ ಕಾಣದ ಉತ್ತರ ಕಂಡವನ ಖುಷಿ ಅವನಿಗೆ. ಆ ಕ್ಷಣ ಅವನೆದುರು ಪಂಪಾವತಿ ಇರಲಿಲ್ಲ, ಒಂದು ಲೆಕ್ಕ ಇತ್ತು.

"ತಡೀ, ಒಗೀಬ್ಯಾಡ" ಎಂದ. ಹಾಜರಿ ಹಾಳೆಯನ್ನು ಮಡಿಚಿ, ಡಬ್ಬಿಯ ಮೇಲಿನ ಸಂದಿಯಿಂದ ಮೊಬೈಲಿನ ಬಲ ಅರ್ಧಕ್ಕೆ ಅಡ್ಡ ಇಳಿಸಿದ. "ಈಗ ಏನ್ ಕಾಣ್ತೈತವ್ವಾ?"

"ಕತ್ತಲಾತ್ರಿ ಸರ್. ಕರೆಂಟ್ ಹೋತೇನ್ರಿ?"

ಗೋಡೆಯ ಮೇಲೆ ಗುಡ್ಡ, ಬಯಲು, ಮಡಕೆ ಎಲ್ಲವೂ ಬೆಳಗುತ್ತಿದ್ದವು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳಿಗೆ ಯಾಕೆಂದು ತಿಳಿಯಲಿಲ್ಲ.

ಸಂಗಮೇಶ ಬೆರಳೆತ್ತಿ ನಗು ನಿಲ್ಲಿಸಿದ. ಚಾಕ್‌ಪೀಸು ಹಿಡಿದ. "ನಗಬ್ಯಾಡ್ರಿ, ಇಲ್ಲೇ ಐತಿ ಪಾಠ. ಪಂಪಾವತಿ ಎಡಗಣ್ಣು ಕೆಲಸ ಮಾಡಂಗಿಲ್ಲ. ನೋಡಾಕ ಎರಡೂ ಒಂದ ನಮೂನಿ ಅದಾವು, ಆದ್ರ ಎಡಗಣ್ಣಿಗಿ ಏನಂದ್ರ ಏನೂ ಕಾಣಂಗಿಲ್ಲ. ಅದಕ್ಕ ಆಕಿಗಿ ಮಡಿಕಿ ಎಷ್ಟು ದೂರ ಐತಿ ಗೊತ್ತಾಗವಲ್ದು" ಎಂದು ಶುರುಮಾಡಿ ಹತ್ತು ನಿಮಿಷ ವಿವರಿಸಿದ. ಬೋರ್ಡಿನ ಮೇಲೆ ಎರಡು ಕಣ್ಣು ಬರೆದ, ಒಂದಕ್ಕೆ ಕಾಟು ಹಾಕಿದ. ಕೊನೆಗೆ, "ಒಂದ ಕಣ್ಣಿನ್ಯಾಗ ಲ್ಯಾಬ್ ಫಸ್ಟ್ ಬರ್ತಾಳ, ನೀವು ಎರಡೆರಡು ಇಟ್ಕೊಂಡು ಏನ್ ಮಾಡಾಕ ಹತ್ತೀರಿ?" ಎಂದು ಹೊಗಳಿದ. ತಾನು ಹೊಗಳಿದ್ದು ಎಂದೇ ಅವನು ತಿಳಿದಿದ್ದ.

ಪಂಪಾವತಿ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟು, ಪಾಠ ಮುಗಿಯುವ ತನಕ ಅಲ್ಲಿಯೇ ನಿಂತಿದ್ದಳು. ಸುತ್ತ ಏಳೆಂಟು ಮೊಬೈಲುಗಳು ವಿಡಿಯೊ ಮಾಡುತ್ತಿದ್ದವು. ಮೇಷ್ಟ್ರೇ ಹೇಳಿದ್ದರಲ್ಲ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಸುದ್ದಿ ಶುರುಮಾಡಿದ. ಶಾಂಭವಿ ಚಹಾ ಸೋಸುತ್ತ ಕೇಳುತ್ತಿದ್ದಳು. ಹಾಜರಿ ಹಾಳೆ ಇಳಿಸಿದ ಮಾತು ಬಂದಾಗ ಅವಳ ಕೈ ನಿಂತಿತು.

"ಎಲ್ಲಾರ ಮುಂದ ಹೇಳಿದ್ರೇನು?"

"ಮತ್ತ? ಪಾಠ ಅಲ್ಲೇನು ಅದು?"

"ಆ ಹುಡುಗಿಗಿ ಕುರುಗೋಡಿನ್ಯಾಗ ಗಂಡು ಗೊತ್ತಾಗೈತಿ ಅಂದಿದ್ರಿ. ಅವರಿಗಿ ಇದು ಗೊತ್ತೈತೇನ್ರಿ?"

ಸಂಗಮೇಶ ಮೊಬೈಲ್ ತೆಗೆದು ಹುಡುಗರ ಸ್ಟೇಟಸ್ಸುಗಳನ್ನು ನೋಡಿದ. ಮೇಘಾಳದು, ಅವಳ ಗೆಳತಿಯದು, ಹಿಂದಿನ ಬೆಂಚಿನ ಹುಡುಗನದು. ಎಲ್ಲದರಲ್ಲೂ ಅವನದೇ ಧ್ವನಿ, ಪಂಪಾವತಿ ಎಡಗಣ್ಣು ಕೆಲಸ ಮಾಡಂಗಿಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ ಅಳಿಸಲು ಬೇಡಿಕೊಂಡ. ಅಳಿಸಿದರು, ಪಾಪ. ಅಷ್ಟರೊಳಗೆ ಅದು ಯಾರ್ಯಾರ ಮೊಬೈಲು ಸೇರಿತ್ತೋ. ಪಂಪಾವತಿಯ ಫೋನು ಸ್ವಿಚ್ ಆಫ್ ಆಗಿತ್ತು.

ಸೋಮವಾರ ಅವಳು ಬರಲಿಲ್ಲ. ಬುಧವಾರ ಅವಳ ತಾಯಿ ಉಚ್ಚೆಂಗೆಮ್ಮ ಬಂದಳು. ಪ್ರಯೋಗಾಲಯದ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದಳು. ಸಂಗಮೇಶ ಒಳಗೆ ಕರೆದು ಸ್ಟೂಲು ಕೊಟ್ಟರೂ ಕೂರಲಿಲ್ಲ.

"ಆ ವಿಡಿಯೊ ಪೂರಾ ಅಳಸಾಕ ಬರ್ತೈತೇನ್ರಿ ಸರ?"

"ಅಳಸ್ಯಾರವ್ವಾ. ಆದ್ರ ಹೋಗಿದ್ದು ಹೋಗ್ಯಾದ."

ಉಚ್ಚೆಂಗೆಮ್ಮ ತಲೆಯಾಡಿಸಿದಳು. ವಿಡಿಯೊ ಕುರುಗೋಡಿಗೆ ಹೋಗಿತ್ತು. ಶೇಖರ್‌ಗೆ ತಂದೆಯಿಲ್ಲ, ಮನೆಯ ಹಿರಿತನ ಚಿಕ್ಕಪ್ಪ ಜೋಗಪ್ಪನದು. ಆತ ಸುಂಕಪ್ಪನಿಗೆ ಫೋನು ಮಾಡಿ, ಕಣ್ಣಿಲ್ಲದ ಹುಡುಗಿಯನ್ನು ಕೊಟ್ಟು ನಮಗೆ ಮೋಸ ಮಾಡಲು ಹೊರಟಿದ್ದಿರಾ ಎಂದು ಕೇಳಿದ್ದ. ಮಾತುಕತೆ ಅಲ್ಲಿಗೇ ನಿಂತಿತ್ತು.

ಇಲ್ಲಿ ಸಂಗಮೇಶ ಕ್ಷಮೆ ಕೇಳಬೇಕಿತ್ತು, ಕೇಳಿದ. ಕೇಳಿ ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಅವನೊಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ. "ತಪ್ಪು ತಿಳ್ಕೋಬ್ಯಾಡವ್ವಾ, ನೀವು ಮೊದಲ ಅವರಿಗಿ ಹೇಳಿಬಿಟ್ಟಿದ್ರ ಇವತ್ತು ಈ ಗತಿ ಬರ್ತಿದ್ದಿಲ್ಲ. ಮುಚ್ಚಿಟ್ಟದ್ದು ಯಾವತ್ತಿದ್ರೂ ಹೊರಗ ಬರ್ತೈತಿ" ಎಂದ.

ಅಷ್ಟು ಹೊತ್ತು ತಗ್ಗಿಸಿದ್ದ ತಲೆಯನ್ನು ಉಚ್ಚೆಂಗೆಮ್ಮ ಎತ್ತಿದಳು.

"ಮುಚ್ಚಿಟ್ಟಿಲ್ರಿ ಸರ. ಎರ್ರೆಮ್ಮಕ್ಕಗ ಹೇಳೀನಿ."

ಎರ್ರೆಮ್ಮ ಎಂದರೆ ಶೇಖರ್‌ನ ತಾಯಿ. ಹೆಣ್ಣು ನೋಡಲು ಬಂದ ದಿನ ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ, ಉಚ್ಚೆಂಗೆಮ್ಮ ಎರ್ರೆಮ್ಮನನ್ನು ಅಡುಗೆಮನೆಗೆ ಕರೆದಿದ್ದಳು. ಮಗಳಿಗೆ ಆರು ವರ್ಷವಿದ್ದಾಗ ಅಣ್ಣ ಆಡುತ್ತಿದ್ದ ಚಿಣ್ಣಿದಾಂಡಿನ ಚಿಣ್ಣಿ ಎಡಗಣ್ಣಿಗೆ ಬಡಿದದ್ದು, ಬಾವು ಇಳಿದ ಮೇಲೆ ಕಣ್ಣು ಮೊದಲಿನಂತೆಯೇ ಕಂಡದ್ದು, ಒಂದು ವರ್ಷ ಕಳೆದ ಮೇಲೆ ಬಳ್ಳಾರಿಯ ಡಾಕ್ಟರು ಹಿಂದಿನ ನರ ಸತ್ತಿದೆ ಎಂದದ್ದು, ಎಲ್ಲವನ್ನೂ ಒಲೆಯ ಮುಂದೆ ಕೂತು ಹೇಳಿದ್ದಳು. ಎರ್ರೆಮ್ಮ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಉಚ್ಚೆಂಗೆಮ್ಮನ ಬಾಯಿಗೆ ಹಾಕಿ, "ಹುಡುಗಿ ನನಗ ಹಿಡಿಸ್ಯಾಳ. ನೀ ಹೇಳಿಲ್ಲ, ನಾ ಕೇಳಿಲ್ಲ. ನಮ್ಮ ಗಂಡಸರ ಕಿವಿಗಿ ಇದು ಬ್ಯಾಡ" ಎಂದಿದ್ದಳು.

"ಈಗ ಆಕಿ ಮೈದುನ ಕೇಳ್ಯಾನ, ನಿನಗ ಗೊತ್ತಿತ್ತೇನು ಅಂತ. ಆಕಿ ಏನಂತ ಹೇಳ್ಬೇಕ್ರಿ? ಗೊತ್ತಿದ್ದಿಲ್ಲ ಅಂದಾಳ. ಅನ್ನಾಕಬೇಕು. ಗಂಡ ಇಲ್ಲದಾಕಿ, ಆ ಮನಿಯಾಗ ಬಾಳೇವು ಮಾಡ್ಬೇಕಲ್ರಿ" ಎಂದಳು ಉಚ್ಚೆಂಗೆಮ್ಮ. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನೀವು ಮುಚ್ಚಿಟ್ರಿ ಅಂದದ್ದಕ್ಕ ತಡಕಳ್ಳಾಕ ಆಗ್ಲಾರದ ಹೇಳಿದೆ. ಇದನ್ನ ನಿಮ್ಮ ಹೊಟ್ಟಿಯಾಗ ಇಟ್ಕಳ್ರಿ" ಎಂದಳು.

"ನಾನ ಕುರುಗೋಡಿಗಿ ಹೋಗಿ ಮಾತಾಡ್ತೀನವ್ವಾ."

"ಬ್ಯಾಡ್ರಿ ಸರ. ನೀವು ಹೋಗಬ್ಯಾಡ್ರಿ. ಹೆಂಗೋ ಆಗ್ತೈತಿ."

ಅವಳು ನಿಜಕ್ಕೂ ಬೇಡವೆಂದೇ ಹೇಳಿದ್ದಳು. ಸಂಗಮೇಶನಿಗೆ ಅದು ಸಂಕೋಚದ ಮಾತಿನಂತೆ ಕೇಳಿಸಿತು. ನಾಲ್ಕು ರಾತ್ರಿ ನಿದ್ದೆ ಬಾರದೆ ಹೊರಳಾಡಿದವನು, ತಾನು ಕೆಡಿಸಿದ್ದನ್ನು ತಾನೇ ಸರಿ ಮಾಡದಿದ್ದರೆ ಮುಖ ಎತ್ತಿ ಬದುಕುವುದು ಹೇಗೆ ಎಂದುಕೊಂಡು, ಭಾನುವಾರ ಬೆಳಿಗ್ಗೆ ಒಂದು ಡಜನ್ ಬಾಳೆಹಣ್ಣು ಕಟ್ಟಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದ.

ಜೋಗಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಯಾರೆಂದು ತಿಳಿದ ಮೇಲೆ ಅವನ ಮುಖ ಬಿಗಿಯಿತು, ಆದರೂ "ಬರ್ರಿ, ಕುಂದರ್ರಿ" ಎನ್ನುವುದನ್ನು ಬಿಡಲಿಲ್ಲ. ಶೇಖರ್ ಒಳಗಿಂದ ಬಂದು ಗೋಡೆಗೆ ಒರಗಿ ನಿಂತ. ಸಣ್ಣ ಮುಖದ, ಬಿಸಿಲಿಗೆ ಕಪ್ಪಾದ ಹುಡುಗ. ಎರ್ರೆಮ್ಮ ಬಾಗಿಲ ಮರೆಯಿಂದ ನೀರಿನ ಚೊಂಬು ಇಟ್ಟು ಹೋದಳು.

ಸಂಗಮೇಶ ಚೆನ್ನಾಗಿಯೇ ಮಾತಾಡಿದ. ತಪ್ಪು ತನ್ನದು, ಹುಡುಗಿಯದಲ್ಲ ಎಂದ. ಒಂದು ಕಣ್ಣಿನಲ್ಲಿ ಓದಬಹುದು, ಬರೆಯಬಹುದು, ರೊಟ್ಟಿ ಬಡಿಯಬಹುದು, ಗಾಡಿ ನೋಡಿ ರಸ್ತೆ ದಾಟಬಹುದು ಎಂದ. ಜೇಬಿನಿಂದ ಎರಡು ಪೆನ್ನು ತೆಗೆದು ಶೇಖರ್‌ನ ಕೈಗೆ ಕೊಟ್ಟ. "ಒಂದು ಕಣ್ಣು ಮುಚ್ಚಿ ತುದಿಗಿ ತುದಿ ಮುಟ್ಟಿಸಪ್ಪಾ." ಶೇಖರ್ ಮುಟ್ಟಿಸಲು ಹೋದ, ತಪ್ಪಿತು. ಮತ್ತೆ ತಪ್ಪಿತು. ಮೂರನೆಯ ಸಲ ತಾಗಿತು. ಜೋಗಪ್ಪ ತಾನೂ ಇಸಿದುಕೊಂಡು ಪ್ರಯತ್ನಿಸಿ, ತಪ್ಪಿ, "ಏ ಇದರೌನ!" ಎಂದು ನಕ್ಕುಬಿಟ್ಟ. "ನಿಮಗ ಮೂರು ಸಲಕ್ಕ ಬಂತು. ಆಕಿ ಹದಿನೈದು ವರ್ಷದಿಂದ ಮಾಡಾಕ ಹತ್ಯಾಳ. ನಮ್ಮೆಲ್ಲಾರಿಗಿಂತ ಚೊಲೋ ಮಾಡ್ತಾಳ" ಎಂದ ಸಂಗಮೇಶ. ಶೇಖರ್ ತಲೆ ತಗ್ಗಿಸಿಕೊಂಡೇ ಸಣ್ಣಗೆ ನಕ್ಕ. ಆ ನಗು ನೋಡಿ ಸಂಗಮೇಶನ ಎದೆ ಹಗುರಾಯಿತು. ಹುಡುಗನಿಗೆ ಪಂಪಾವತಿಯ ಮೇಲೆ ಮನಸ್ಸಿದೆ ಎಂಬುದು ಕುರುಡನಿಗೂ ಕಾಣುವಂತಿತ್ತು.

ಜೋಗಪ್ಪ ಪೆನ್ನು ವಾಪಸು ಕೊಟ್ಟ. ಅವನ ಧ್ವನಿಯೂ ಇಳಿದಿತ್ತು. "ಹುಡುಗಿ ಮ್ಯಾಲ ನಮಗೇನ್ ಸಿಟ್ಟಿಲ್ರಿ ಸರ್. ಯಾರಿಗಿ ಏನ್ ಆಗ್ತೈತೋ ಯಾರಿಗಿ ಗೊತ್ತು. ಆದ್ರ ಅವರು ಮುಚ್ಚಿಟ್ರು ನೋಡ್ರಿ, ಅದೊಂದು ಮನಸಿಗಿ ಹತ್ಯಾದ. ನಮ್ಮತ್ತಿಗಿ ಒಂಟಿ ಹೆಂಗಸು, ಆಕಿ ಕಣ್ಣಿಗಿ ಮಣ್ಣು ಹಾಕಿದ್ರು."

"ಹೋಗ್ಲಿ ಬಿಡು ಚಿಗಪ್ಪಾ" ಎಂದ ಶೇಖರ್.

ಇಲ್ಲಿಗೆ ಸಾಕಿತ್ತು. ನಿಜ ಯಜಮಾನರೆ, ತಪ್ಪಾಗಿದೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೈ ಮುಗಿದು, ಒಳಗೆ ಕುದಿಯುತ್ತಿದ್ದ ಚಹಾ ಕುಡಿದು ಎದ್ದು ಬಂದಿದ್ದರೆ ಎಲ್ಲವೂ ದಡ ಸೇರುತ್ತಿತ್ತು. ಆದರೆ ತಪ್ಪು ಉತ್ತರ ಕಿವಿಗೆ ಬಿದ್ದ ಮೇಲೆ ತಿದ್ದದೆ ಬಿಟ್ಟು ಅವನಿಗೆ ರೂಢಿಯಿರಲಿಲ್ಲ. ಉಚ್ಚೆಂಗೆಮ್ಮ ತಲೆಯೆತ್ತಿ ನೋಡಿದ ಆ ನೋಟವೂ ಅವನನ್ನು ಚುಚ್ಚುತ್ತಿತ್ತು. ಆ ತಾಯಿಯ ಮೇಲಿನ ಸುಳ್ಳು ಅಪವಾದ ತೆಗೆದುಬಿಟ್ಟರೆ ಎಲ್ಲವೂ ಸ್ವಚ್ಛವಾಗುತ್ತದೆ ಎಂದು ಅವನು ನಂಬಿದ್ದ.

"ಅವರು ಮೋಸ ಮಾಡಿಲ್ರಿ ಯಜಮಾನ್ರೆ. ಹೆಣ್ಣು ನೋಡಿದ ದಿನಾನ ಹುಡುಗಿ ತಾಯಿ ಎಲ್ಲಾ ಹೇಳ್ಯಾರ. ಬೇಕಾದ್ರ ನಿಮ್ಮತ್ತಿಗಿಯವರ್ನ ಕೇಳ್ರಿ."

ಎರ್ರೆಮ್ಮ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಜೋಗಪ್ಪ ನಿಧಾನಕ್ಕೆ ಅವಳ ಕಡೆ ತಿರುಗಿದ. ಶೇಖರ್ ಕೂಡ ತಿರುಗಿದ. ಹೇಳಬಾರದ್ದನ್ನು ಹೇಳಿದೆನೆಂದು ಸಂಗಮೇಶನಿಗೆ ತಿಳಿಯುವಷ್ಟರಲ್ಲಿ ಮಾತು ಬಾಯಿಂದ ಹೊರಗಿತ್ತು.

"ಏನತ್ತಿಗಿ? ನಿನಗ ಗೊತ್ತಿತ್ತೇನು?"

ಎರ್ರೆಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಮಗನ ಹತ್ತಿರ ಹೋಗಿ ಅವನ ತಲೆಯ ಮೇಲೆ ಬಲಗೈ ಇಟ್ಟಳು.

"ನನ್ನ ಮಗನ ಆಣಿ. ನನಗ ಯಾರೂ ಹೇಳಿಲ್ಲ. ಸುಳ್ಳು ಹೇಳಿ ಹೆಣ್ಣು ಕೊಡಾಕ ಬಂದ್ರು, ಈಗ ಸುಳ್ಳು ಹೇಳಿ ನನ್ನ ಮ್ಯಾಲ ಹಾಕಾಕ ಹತ್ಯಾರ."

ಆ ಮೇಲೆ ಮಾತಿಗೆ ಏನು ಉಳಿಯಿತು? ತಾಯಿ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆ, ಪಂಪಾವತಿಯನ್ನು ಮದುವೆಯಾಗುವುದೆಂದರೆ ಶೇಖರ್‌ಗೆ ತಾಯಿಯ ಆಣೆ ಸುಳ್ಳೆಂದು ಊರಿಗೆ ಸಾರಿದಂತೆಯೇ. ಅವನು ತಲೆಯ ಮೇಲಿನ ಕೈಯನ್ನು ಹಾಗೇ ಇರಗೊಟ್ಟು ನೆಲ ನೋಡುತ್ತ ನಿಂತ. ಜೋಗಪ್ಪ ಎದ್ದು ನಿಂತು, "ಬಸ್ಸಿಗಿ ಹೊತ್ತಾತು ನಿಮಗ" ಎಂದ.

ಓಣಿಯ ತಿರುವಿನವರೆಗೆ ಬಂದಾಗ ಹಿಂದಿನಿಂದ ಚಪ್ಪಲಿಯಿಲ್ಲದ ಕಾಲುಗಳ ಸದ್ದು ಕೇಳಿಸಿತು. ಎರ್ರೆಮ್ಮ ಬಾಳೆಹಣ್ಣಿನ ಚೀಲ ಹಿಡಿದು ಬಂದಿದ್ದಳು. ಚೀಲವನ್ನು ಅವನ ಕೈಗೆ ತುರುಕಿದಳು. ಕಣ್ಣಲ್ಲಿ ನೀರು ತುಂಬಿತ್ತು, ಧ್ವನಿ ಮಾತ್ರ ಗಟ್ಟಿಯಿತ್ತು.

"ಎರಡು ತಿಂಗಳು ಬಿಟ್ಟಿದ್ರ ಮಂದಿ ಮರೀತಿದ್ರು ಸರ. ನಾನ ಮೈದುನಗ ಹೇಳಿ ಮತ್ತ ಮಾತು ಕೂಡಸ್ತಿದ್ದೆ. ಹುಡುಗಿ ತಾಯಿಗೂ ಸುದ್ದಿ ಕಳಿಸಿದ್ದೆ. ನಿಮಗ ಯಾರ್ರಿ ಬರಾಕ ಹೇಳಿದ್ರು? ನನ್ನ ಕೈಲೆ ನನ್ನ ಮಗನ ಮ್ಯಾಲ ಸುಳ್ಳು ಆಣಿ ಮಾಡಿಸಿದ್ರಿ."

ಅವಳು ಹೋದಳು. ಸಂಗಮೇಶ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟ. ಬಳ್ಳಾರಿಗೆ ಬಂದು ಮನೆ ಸೇರಿದಾಗ ಶಾಂಭವಿ ಚೀಲ ನೋಡಿದಳು, ಮುಖ ನೋಡಿದಳು, ಚೀಲ ತೆಗೆದುಕೊಂಡು ಒಳಗಿಟ್ಟಳು. ಅವನು ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತ.

ಉಗಾದಿ ಮುಗಿದ ವಾರದಲ್ಲಿ ಪಂಪಾವತಿ ಟಿ.ಸಿ. ಒಯ್ಯಲು ಕಾಲೇಜಿಗೆ ಬಂದಳು. ಗೇಟಿನ ಹೊರಗೆ ಬೈಕಿನ ಮೇಲೆ ಸೋದರಮಾವ ವಾಲ್ಮೀಕಿ ಕಾಯುತ್ತಿದ್ದ. ಮದುವೆ ಮುಂದಿನ ತಿಂಗಳಂತೆ. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಸಂಗಮೇಶ ಪ್ರಿನ್ಸಿಪಾಲರ ಹತ್ತಿರ ಹೋಗಿ, ಸುಂಕಪ್ಪನ ಗಿರಣಿಗೆ ಎರಡು ಸಲ ಹೋಗಿ, ಪರೀಕ್ಷೆಯೊಂದನ್ನು ಬರೆಸಿ ಎಂದು ಕೈ ಮುಗಿದಿದ್ದ. "ನೀವು ಮಾಡಿದ್ದು ಸಾಕ್ರಿ ಸರ್" ಎಂದು ಸುಂಕಪ್ಪ ಮೆಷಿನ್ ಶುರುಮಾಡಿದ್ದ. ಆ ಗದ್ದಲದಲ್ಲಿ ಮುಂದಿನ ಮಾತು ಯಾರಿಗೂ ಕೇಳುವಂತಿರಲಿಲ್ಲ.

ಟಿ.ಸಿ.ಗೆ ವಿಭಾಗದ ಸಹಿ ಬೇಕಿತ್ತು. ಅವಳು ಪ್ರಯೋಗಾಲಯಕ್ಕೆ ಬಂದು ಕಾಗದ ಮುಂದಿಟ್ಟು ನಿಂತಳು. ಸಂಗಮೇಶ ಸಹಿ ಮಾಡಿದ. ತಿಂಗಳಿಂದ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಮಾತುಗಳಿದ್ದವು. "ತಪ್ಪಾತವ್ವಾ" ಎಂದಷ್ಟೇ ಅಂದ.

ಅವಳು ಕಾಗದ ಮಡಿಚಿಕೊಂಡಳು. ಹೋಗಲಿಲ್ಲ. ಮೇಜಿನ ಮೇಲೆ ಸಾಲಾಗಿಟ್ಟ ಡಬ್ಬಿಗಳನ್ನು ನೋಡುತ್ತ ನಿಂತಳು.

"ಇದರಾಗ ನನಗ ದೂರ ಗೊತ್ತಾಗಂಗಿಲ್ಲ ಅಂತ ಮೊದಲ ಗೊತ್ತಿತ್ರಿ ಸರ್. ಅದಕ್ಕ ಮೂರು ವಾರ ಹಿಂದ ಕುಂತು, ಎಲ್ಲಾರೂ ಆಡೋದು ಗೋಡಿ ಮ್ಯಾಲ ನೋಡಿ ಲೆಕ್ಕ ಮಾಡಿದ್ದೆ. ಕಲ್ಲು ಕೈ ಬಿಟ್ಟ ಮ್ಯಾಲ ಬೀಳಾಕ ಎಷ್ಟು ಹೊತ್ತು ಹಿಡಿತೈತಿ ಎಣಿಸಿದ್ರ ದೂರ ಸಿಗ್ತೈತ್ರಿ. ಮೊದಲಿನ ಮೂರು ಕಲ್ಲು ಅದಕ್ಕ ಒಗದೆ, ಒಂದು ಆಚಿ, ಒಂದು ಈಚಿ, ಒಂದು ಸ್ವಲ್ಪ ಆಚಿ. ಲೆಕ್ಕ ಕೂಡಿತ್ತು. ನಾಲ್ಕನೇದು ಮಡಿಕ್ಯಾಗ ಬೀಳ್ತಿತ್ತು."

ಸಂಗಮೇಶ ಮನಸ್ಸಿನಲ್ಲೇ ಲೆಕ್ಕ ಮಾಡಿ ನೋಡಿದ. ಸರಿಯಿತ್ತು. ಎಲ್ಲಿಯೂ ತಪ್ಪಿರಲಿಲ್ಲ. ಇಷ್ಟು ವರ್ಷದಲ್ಲಿ ಇಷ್ಟು ಚೆಂದದ ಉತ್ತರವನ್ನು ಅವನ ಯಾವ ವಿದ್ಯಾರ್ಥಿಯೂ ಕೊಟ್ಟಿರಲಿಲ್ಲ. ಅದು ಬಿದ್ದಿದ್ದರೆ ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು, ಅವಳು ಹೋಗಿ ತನ್ನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಮತ್ತ ಆವಾಗ ಯಾಕವ್ವಾ ಹೇಳಲಿಲ್ಲ?" ಎಂದ. "ತಡೀರಿ ಸರ್, ಇನ್ನೊಂದು ಕಲ್ಲು ಒಗೀತೀನಿ ಅಂತ ಒಂದ್ ಮಾತು?"

ಪಂಪಾವತಿ ಅವನತ್ತ ಇಡೀ ಕತ್ತು ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ನೀವು ಮಾತಾಡಾಕ ಹತ್ತಿದ್ರಲ್ರಿ ಸರ್" ಎಂದಳು.

ಹೊರಗೆ ವಾಲ್ಮೀಕಿ ಹಾರ್ನು ಹೊಡೆದ. ಅವಳು ಬಗ್ಗಿ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಾಗದ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.